ಮೀಟರ್ ಹಾಕಿದ ಮೇಲೂ ಕತ್ತಲೆ ಏಕೆ? ಟಿಬಿಲಿಸಿಯ ವಿದ್ಯುತ್ ಖಾಸಗೀಕರಣದ ಒಳಲೆಕ್ಕ

ಪ್ರಶ್ನೆ: ಸೋವಿಯತ್ ಒಕ್ಕೂಟ ಒಡೆದ ಮೇಲೆ ಜಾರ್ಜಿಯಾ ದೇಶದ ರಾಜಧಾನಿ ಟಿಬಿಲಿಸಿಯ ವಿದ್ಯುತ್ ವಿತರಣೆಯನ್ನು ಅಮೆರಿಕದ ಎಇಎಸ್ ಕಂಪನಿ ಕೊಂಡಿತು, ಮನೆಮನೆಗೂ ಮೀಟರ್ ಹಾಕಿತು, ಆದರೂ ಐದು ವರ್ಷ ತುಂಬುವ ಮೊದಲೇ ನಷ್ಟಕ್ಕೆ ಮಾರಿ ಹೊರಟುಹೋಯಿತು ಎಂದು ಓದಿದೆ. ಅದೇ ಕಾಲಕ್ಕೆ ಮಾಲ್ಡೋವಾಕ್ಕೆ ಬಂದ ಸ್ಪೇನಿನ ಕಂಪನಿ ಹತ್ತೊಂಬತ್ತು ವರ್ಷ ಉಳಿಯಿತಂತೆ. ಜಾರ್ಜಿಯಾದ ಜನ ಬಿಲ್ ಕಟ್ಟದ್ದೇ ಕಾರಣವೇ? ಮೀಟರ್ ಹಾಕಿ, ಕಟ್ಟದವರ ಕರೆಂಟು ಕತ್ತರಿಸಿದರೆ ಸಾಲದೇ?

ಉತ್ತರ: ಸಾಲದು. ಮೀಟರ್ ಇಲ್ಲದೆ ಯಾವ ಕೆಲಸವೂ ಶುರುವಾಗುವುದಿಲ್ಲ, ನಿಜ. ಆದರೆ ಮೀಟರ್ ಸರಿಮಾಡುವುದು ಮನೆಗೂ ವಿತರಣಾ ಕಂಪನಿಗೂ ನಡುವಿನ ಲೆಕ್ಕವನ್ನಷ್ಟೇ. ವಿತರಣಾ ಕಂಪನಿಯ ಮೇಲೆ ಪ್ರಸರಣ, ಅದರ ಮೇಲೆ ಯಾರಿಗೆ ಎಷ್ಟು ಕರೆಂಟು ಎಂದು ನಿಯಂತ್ರಿಸುವ ಲೋಡ್ ಡಿಸ್‌ಪ್ಯಾಚ್, ಸಗಟು ಮಾರುಕಟ್ಟೆ, ಉತ್ಪಾದನಾ ಕೇಂದ್ರ, ಅದಕ್ಕೆ ಗ್ಯಾಸ್ ಕೊಡುವವರು ಇದ್ದಾರೆ. ಹಣ ಕೆಳಗಿನಿಂದ ಮೇಲಕ್ಕೂ ಕರೆಂಟು ಮೇಲಿನಿಂದ ಕೆಳಕ್ಕೂ ಎಲ್ಲೂ ನಿಲ್ಲದೆ ಹರಿಯಬೇಕು. ಟಿಬಿಲಿಸಿಯಲ್ಲಿ ಎಇಎಸ್ ಕೈಗೆ ಸಿಕ್ಕಿದ್ದು ಈ ಸರಪಳಿಯ ಕಟ್ಟಕಡೆಯ ಕೊಂಡಿ. ಕಾಲುವೆಯ ಕೊನೇ ಭಾಗದ ರೈತ ತನ್ನ ಗದ್ದೆಯ ತೂಬನ್ನು ಎಷ್ಟೇ ಚೆನ್ನಾಗಿ ಕಟ್ಟಿಕೊಂಡರೂ ಮೇಲಿನವರು ನೀರು ಬಿಡಬೇಕಲ್ಲ, ಹಾಗೆ.

ಮೊದಲು ಅವರು ಕೊಂಡದ್ದೇನು ಎಂದು ನೋಡಿ. 1998ರ ಡಿಸೆಂಬರ್‌ನಲ್ಲಿ ನಗರದ ವಿತರಣಾ ಸಂಸ್ಥೆ ತೆಲಾಸಿಯ ಶೇ 75 ಪಾಲನ್ನು ಎಇಎಸ್ ಸುಮಾರು 2.55 ಕೋಟಿ ಡಾಲರಿಗೆ ತೆಗೆದುಕೊಂಡಿತು. ಗ್ರಾಹಕರು ಸುಮಾರು 3.7 ಲಕ್ಷ. ಸೋವಿಯತ್ ಕಾಲದಲ್ಲಿ ಕರೆಂಟಿನ ದರ ನಾಮಮಾತ್ರ, ಬಿಲ್ ಕಟ್ಟುವುದು ಯಾರಿಗೂ ಭಾರವಾದ ವಿಷಯವಲ್ಲ. ಚಳಿಗಾಲದಲ್ಲಿ ಮನೆ ಬಿಸಿಮಾಡುತ್ತಿದ್ದದ್ದು ಕೇಂದ್ರೀಯ ಬಿಸಿನೀರಿನ ಕೊಳವೆಗಳು, ಅಡುಗೆಗೆ ಗ್ಯಾಸ್. ಹಾಗಾಗಿ ಫ್ಲ್ಯಾಟುಗಳ ವೈರಿಂಗ್ ಮಾಡಿದ್ದು ದೀಪ, ಫ್ರಿಜ್, ಟಿವಿಯ ಲೆಕ್ಕಕ್ಕೆ. 1991ರ ನಂತರದ ಅಂತರ್ಯುದ್ಧದ ವರ್ಷಗಳಲ್ಲಿ ಕೊಳವೆಯ ಬಿಸಿಯೂ ಗ್ಯಾಸೂ ನಿಂತುಹೋದವು. ಜನ ವಿದ್ಯುತ್ ಹೀಟರಿಗೆ ಬಿದ್ದರು. ಅಂದರೆ ಒಂದು ಇಡೀ ನಗರದ ಚಳಿ, ಅದಕ್ಕೆಂದು ಕಟ್ಟದ ತಂತಿಗಳ ಮೇಲೆ ಬಂದು ಕೂತಿತು.

ಇದನ್ನು ಅಂಕಿಗಳಲ್ಲಿ ಹಿಡಿಯುವುದು ಸುಲಭ. 120 ಫ್ಲ್ಯಾಟುಗಳಿಗೆ ಒಂದು 400 ಕೆವಿಎ, ಅಂದರೆ ಹೆಚ್ಚೆಂದರೆ 400 ಕಿಲೋವಾಟ್ ಹೊರುವ ಟ್ರಾನ್ಸ್‌ಫಾರ್ಮರ್ ಇದೆ ಎಂದಿಟ್ಟುಕೊಳ್ಳಿ. ಎಲ್ಲರೂ ಎಲ್ಲವನ್ನೂ ಒಂದೇ ಕ್ಷಣಕ್ಕೆ ಹಾಕುವುದಿಲ್ಲವಾದ್ದರಿಂದ, ಮಾಮೂಲು ದಿನದಲ್ಲಿ ಫ್ಲ್ಯಾಟಿಗೆ ಸರಾಸರಿ 1ರಿಂದ 1.2 ಕಿಲೋವಾಟ್, ಒಟ್ಟು 140ರ ಸುಮಾರು. ಟ್ರಾನ್ಸ್‌ಫಾರ್ಮರಿಗೆ ಅದು ಲೆಕ್ಕವೇ ಅಲ್ಲ. ಈಗ ಹನ್ನೆರಡು ಗಂಟೆ ಕರೆಂಟು ತೆಗೆಯಿರಿ. ಯಾವಾಗ ಬರುತ್ತದೋ ಗೊತ್ತಿಲ್ಲವಾದ್ದರಿಂದ ಎಲ್ಲ ಮನೆಯವರೂ ಎರಡೆರಡು ಹೀಟರಿನ ಸ್ವಿಚ್ ಹಾಕಿಯೇ ಇಟ್ಟಿರುತ್ತಾರೆ. ಕರೆಂಟು ಬಂದ ಕ್ಷಣ ಫ್ಲ್ಯಾಟಿಗೆ 4ರಿಂದ 5 ಕಿಲೋವಾಟ್, ಒಟ್ಟು 500ರಿಂದ 600. ಮನೆಗಳು ತಣ್ಣಗಾಗಿರುವುದರಿಂದ ಈ ಹೊರೆ ಐದು ನಿಮಿಷಕ್ಕೆ ಇಳಿಯುವುದೂ ಇಲ್ಲ, ಗಂಟೆಗಟ್ಟಲೆ ನಿಲ್ಲುತ್ತದೆ. ಫ್ಯೂಸ್ ಹಾರುತ್ತದೆ. ಯಾರೋ ದಪ್ಪ ತಂತಿ ಕಟ್ಟುತ್ತಾರೆ. ಮರುದಿನ ಸುಡುವುದು ಫ್ಯೂಸ್ ಅಲ್ಲ, ಟ್ರಾನ್ಸ್‌ಫಾರ್ಮರೇ. ಇದಕ್ಕಿರುವ ಉಪಾಯ ಎರಡು: ಕರೆಂಟು ವಾಪಸು ಕೊಡುವಾಗ ಒಂದೊಂದೇ ಔಟ್‌ಗೋಯಿಂಗ್ ಲೈನನ್ನು ಹದಿನೈದಿಪ್ಪತ್ತು ನಿಮಿಷ ಬಿಟ್ಟು ಬಿಟ್ಟು ಹಾಕುವುದು, ಪ್ರತಿ ಫ್ಲ್ಯಾಟಿನ ಮೀಟರ್ ಪೆಟ್ಟಿಗೆಯಲ್ಲೇ ಕಡಿಮೆ ಆಂಪಿಯರಿನ ಬ್ರೇಕರ್ ಕೂರಿಸುವುದು. ಎರಡನೆಯದು ಮೀಟರ್ ಹಾಕಿದ ಮೇಲಷ್ಟೇ ಸಾಧ್ಯ. ಲೋಡ್ ಶೆಡ್ಡಿಂಗ್ ಮಾಡಿ ಉಪಕರಣ ಉಳಿಸುತ್ತೇವೆ ಎನ್ನುವವರು ಇದನ್ನು ಮರೆಯಬಾರದು. ಚಳಿನಾಡಿನಲ್ಲಿ ದೀರ್ಘ ಕಡಿತವೇ ಉಪಕರಣವನ್ನು ಕೊಲ್ಲುತ್ತದೆ.

ಇನ್ನು ಮೀಟರಿನ ಕೆಲಸ. ಹೊರಗಿನಿಂದ ನೋಡಿದರೆ ಗೋಡೆಗೊಂದು ಡಬ್ಬಿ ಹೊಡೆದಂತೆ ಕಾಣುತ್ತದೆ. ಅದರ ಕ್ರಮ ತಪ್ಪಿದರೆ ಹಾಕಿದ ದುಡ್ಡೆಲ್ಲ ನೀರಿಗೆ. ಮನೆಯ ಮೀಟರಿಗಿಂತ ಮೊದಲು ಟ್ರಾನ್ಸ್‌ಫಾರ್ಮರಿನ ಕೋಣೆಗೆ ಬೀಗ, ಅಲ್ಲಿಂದ ಹೊರಡುವ ಪ್ರತಿ ಲೈನಿಗೂ ಸಿಟಿ (ಕರೆಂಟ್ ಟ್ರಾನ್ಸ್‌ಫಾರ್ಮರ್, ಅಂದರೆ ದೊಡ್ಡ ಕರೆಂಟನ್ನು ಅಳೆಯುವಷ್ಟಕ್ಕೆ ಇಳಿಸುವ ಸಾಧನ) ಇರುವ ಮೀಟರ್. ಆಮೇಲೆ ಯಾವ ಮನೆ ಯಾವ ಟ್ರಾನ್ಸ್‌ಫಾರ್ಮರಿಗೆ ಸೇರಿದ್ದು ಎಂಬ ಪಟ್ಟಿ. ಟಿಬಿಲಿಸಿಯಂಥ ಊರಲ್ಲಿ ಇದೇ ಅತಿ ಕಷ್ಟದ ಹಂತ. ತಮ್ಮ ಬೀದಿಗೆ ಕರೆಂಟು ಇಲ್ಲದಾಗ ಜನ ಪಕ್ಕದ ಕಟ್ಟಡದಿಂದ, ಕಡಿತವಿಲ್ಲದ ಲೈನುಗಳಿಂದ ಸ್ವಂತ ತಂತಿ ಎಳೆದುಕೊಂಡಿದ್ದರು. ಒಂದೇ ಮನೆಗೆ ಎರಡು ಕಡೆಯಿಂದ ಕರೆಂಟು ಇದ್ದರೆ ಒಂದನ್ನು ಕತ್ತರಿಸಿ ಪ್ರಯೋಜನವಿಲ್ಲ. ಪಟ್ಟಿ ಆದ ಮೇಲೆ ಮೆಟ್ಟಿಲಿನ ಪಕ್ಕ ಮೇಲಕ್ಕೆ ಏರುವ ಹಳೇ ಅಲ್ಯೂಮಿನಿಯಂ ತಂತಿ ತೆಗೆದು, ನಡುವೆ ಕೊಕ್ಕೆ ಹಾಕಲು ಬಾರದಂಥ ಕೇಬಲ್, ಕೆಳಗೆ ಎಲ್ಲರ ಮೀಟರುಗಳೂ ಒಂದೇ ಕಡೆ ಬೀಗದ ಪೆಟ್ಟಿಗೆಯಲ್ಲಿ. ಕೊನೆಯದಾಗಿ ಮೊದಲ ರೀಡಿಂಗಿಗೆ ಗ್ರಾಹಕನ ಸಹಿ. ಈ ಸಹಿ ಇಲ್ಲದಿದ್ದರೆ ಮೊದಲ ಬಿಲ್ಲೇ ಜಗಳವಾಗುತ್ತದೆ.

ಈಗ ತಿಂಗಳ ಲೆಕ್ಕ. ಟ್ರಾನ್ಸ್‌ಫಾರ್ಮರ್ ಮೀಟರು 60,000 ಯೂನಿಟ್ ತೋರಿಸಿತು, ಮನೆಗಳ ಮೀಟರೆಲ್ಲ ಕೂಡಿದರೆ 33,000. ಕೆಳಮಟ್ಟದ ತಂತಿಯಲ್ಲಿ ಸಹಜವಾಗಿ ಸೋರುವುದು ಶೇ 7 ಎಂದರೆ 4,200. ಉಳಿದ 22,800 ಕಳ್ಳತನ, ಕೆಟ್ಟ ಮೀಟರ್ ಅಥವಾ ಪಟ್ಟಿಯ ತಪ್ಪು. ಕಳ್ಳತನ ಎಂದು ಕೂಗುವ ಮೊದಲು ಕಂಪನಿ ತನ್ನದೇ ತಪ್ಪನ್ನು ಹುಡುಕಬೇಕು. ಮೂರು ಫೇಸಿನ ಮೀಟರಿನಲ್ಲಿ ಒಂದು ಫೇಸಿನ ವೋಲ್ಟೇಜ್ ತಂತಿ ಸಡಿಲವಾದರೆ ಮೂರನೇ ಒಂದು ಭಾಗ ದಾಖಲಾಗುವುದೇ ಇಲ್ಲ. ಒಂದು ಸಿಟಿಯನ್ನು ತಿರುಗುಮುರುಗು ಜೋಡಿಸಿದರೆ ಇನ್ನೂ ಕೆಟ್ಟದ್ದು: ಎರಡು ಫೇಸು ಕೂಡುತ್ತವೆ, ಒಂದು ಕಳೆಯುತ್ತದೆ, ಮೀಟರು ತೋರಿಸುವುದು ನಿಜದ ಮೂರನೇ ಒಂದು ಭಾಗ. 600 ಆಂಪಿಯರನ್ನು 5ಕ್ಕೆ ಇಳಿಸುವ 600/5ರ ಸಿಟಿಗೆ, ರೀಡಿಂಗನ್ನು ಗುಣಿಸಬೇಕಾದ ಗುಣಕ 120. ಗುಮಾಸ್ತ 400/5 ಎಂದು ಬರೆದುಕೊಂಡು 80ರಿಂದ ಗುಣಿಸಿದರೆ ಮೂರನೇ ಒಂದು ಭಾಗ ಪುಸ್ತಕದಲ್ಲೇ ಮಾಯ. ದೊಡ್ಡ ಗ್ರಾಹಕರ ಸಿಟಿ ಮೀಟರುಗಳನ್ನು ಒಂದು ಸಲ ಕ್ಲ್ಯಾಂಪ್ ಮೀಟರ್ ಹಿಡಿದು ತಾಳೆ ನೋಡಿದರೆ ಬರುವ ಆದಾಯ, ನೂರು ಮನೆಯ ಕೊಕ್ಕೆ ಹಿಡಿದರೂ ಬರುವುದಿಲ್ಲ.

ಮನೆಯ ಕಳ್ಳತನದಲ್ಲಿ ಒಂದನ್ನು ಬಿಡಿಸಿ ಹೇಳಬೇಕು, ಏಕೆಂದರೆ ಅದು ಜೀವ ತೆಗೆಯುತ್ತದೆ. ಹಳೇ ಚಕ್ರದ ಮೀಟರ್ ಅಳೆಯುವುದು ಒಂದೇ ತಂತಿಯ ಕರೆಂಟನ್ನು. ಫೇಸ್ ಮತ್ತು ನ್ಯೂಟ್ರಲ್ ಅದಲುಬದಲು ಮಾಡಿ, ಹೀಟರಿನ ಒಂದು ತುದಿಯನ್ನು ನೀರಿನ ಪೈಪಿಗೋ ರೇಡಿಯೇಟರಿಗೋ ಕಟ್ಟಿದರೆ ಕರೆಂಟು ನೆಲದ ಮೂಲಕ ವಾಪಸಾಗುತ್ತದೆ, ಚಕ್ರ ತಿರುಗುವುದಿಲ್ಲ. ಪೈಪಿನ ಒಂದು ಜೋಡಣೆ ತುಕ್ಕು ಹಿಡಿದಿದ್ದರೆ ಮೇಲಿನ ಮಹಡಿಯಲ್ಲಿ ನಲ್ಲಿ ಮುಟ್ಟಿದವರಿಗೆ ಶಾಕ್. ಇದಕ್ಕೆ ಫೇಸ್, ನ್ಯೂಟ್ರಲ್ ಎರಡನ್ನೂ ಅಳೆದು ಹೆಚ್ಚಿನದನ್ನು ದಾಖಲಿಸುವ ಮೀಟರೇ ಬೇಕು, ಪೊಲೀಸರಿಂದ ಆಗುವ ಕೆಲಸವಲ್ಲ.

ಎಇಎಸ್ ಈ ಮೀಟರಿನ ಕೆಲಸಕ್ಕೆ ಕೋಟಿಗಟ್ಟಲೆ ಡಾಲರ್ ಹಾಕಿತು. ವಸೂಲಿ ಖಂಡಿತ ಏರಿತು. ಇಲ್ಲಿ ಪತ್ರಿಕೆಗಳಲ್ಲಿ ಬರುವ ವಸೂಲಿಯ ಶೇಕಡಾವಾರನ್ನು ಓದುವಾಗ ಎಚ್ಚರವಿರಲಿ. 100 ಯೂನಿಟ್ ಕೊಂಡು, 14 ಸೋರಿ, 26 ಕದ್ದು ಹೋಗಿ, 60ಕ್ಕೆ ಬಿಲ್ ಮಾಡಿ, ಅದರಲ್ಲಿ ಶೇ 90 ವಸೂಲಾಯಿತು ಎನ್ನಿ. ವರದಿಯಲ್ಲಿ ಬರುವುದು 90. ಕಂಪನಿಯ ಕೈಗೆ ಬಂದದ್ದು 54 ಯೂನಿಟ್ಟಿನ ಹಣ. ಕೊಂಡ ನೂರಕ್ಕೂ ಹಣ ಕೊಡಬೇಕಾದವರು ಅವರೇ.

ಇಲ್ಲಿಂದ ಮೇಲಕ್ಕೆ ಹೋದರೆ ನಿಮ್ಮ ಪ್ರಶ್ನೆಯ ನಿಜವಾದ ಉತ್ತರ ಸಿಗುತ್ತದೆ. ಜಾರ್ಜಿಯಾದ ಮುಖ್ಯ ಆಧಾರ ಜಲವಿದ್ಯುತ್. ಬೇಸಿಗೆಯಲ್ಲಿ ಹಿಮ ಕರಗಿ ಹೊಳೆಗಳು ತುಂಬಿದಾಗ ಹೆಚ್ಚುವರಿ, ಬೇಡಿಕೆ ಏರುವ ಚಳಿಗಾಲದಲ್ಲಿ ಕೊರತೆ. ದೇಶದ ಅತಿದೊಡ್ಡ ಕೇಂದ್ರ ಎಂಗುರಿ: 1,300 ಮೆಗಾವಾಟ್, ಅಣೆಕಟ್ಟಿನ ಎತ್ತರ 271.5 ಮೀಟರ್. ಅಣೆಕಟ್ಟು ಜಾರ್ಜಿಯಾದ ಹಿಡಿತದಲ್ಲಿ, ವಿದ್ಯುದಾಗಾರ ಬೇರ್ಪಟ್ಟ ಅಬ್ಖಾಜಿಯಾದಲ್ಲಿ. ಅಬ್ಖಾಜಿಯಾಕ್ಕೆ ಹೋಗುವ ಪಾಲಿಗೆ ಹಣ ಬರುವುದಿಲ್ಲ. ಚಳಿಗಾಲದ ಕೊರತೆ ತುಂಬಬೇಕಿದ್ದದ್ದು ಗರ್ದಬಾನಿಯ ಗ್ಯಾಸ್ ಘಟಕಗಳು, ಆಗ ಗ್ಯಾಸ್ ಬರುತ್ತಿದ್ದದ್ದು ರಷ್ಯಾದಿಂದ, ಅದಕ್ಕೆ ಡಾಲರ್ ಎಣಿಸಬೇಕಿತ್ತು.

1999ರಲ್ಲಿ ಸಗಟು ವಿದ್ಯುತ್ ಮಾರುಕಟ್ಟೆ ಎಂಬ ಒಂದು ಸಂಸ್ಥೆಯ ಮೂಲಕವೇ ಎಲ್ಲರೂ ಕೊಂಡು ಮಾರುವ ವ್ಯವಸ್ಥೆ ಬಂತು. ಹಣವೆಲ್ಲ ಒಂದು ಕಡೆ ಸೇರುವುದು, ಅಲ್ಲಿಂದ ಹಂಚುವುದು. ಕಾಗದದ ಮೇಲೆ ಚೆನ್ನಾಗಿದೆ. ಆದರೆ ಡಿಸ್‌ಪ್ಯಾಚ್ ಕೇಂದ್ರಕ್ಕೆ, ಹಣ ಕಟ್ಟದ ಜಿಲ್ಲೆಯ ವಿತರಣಾ ಕಂಪನಿಯನ್ನೋ ಪ್ರಭಾವಿಗಳ ಕಾರ್ಖಾನೆಯನ್ನೋ ಕಡಿತ ಮಾಡುವ ಶಕ್ತಿಯೂ ಇರಲಿಲ್ಲ, ಮನಸ್ಸೂ ಇರಲಿಲ್ಲ. ತೆಲಾಸಿ ಕಟ್ಟಿದ ಹಣದಿಂದ ಬಂದ ಕರೆಂಟನ್ನು ಕಟ್ಟದವರು ದಾರಿಯಲ್ಲೇ ಎಳೆದುಕೊಂಡರು. ಬೇಡಿಕೆ ಪೂರೈಕೆಯನ್ನು ಮೀರಿ ಗ್ರಿಡ್ಡಿನ ಫ್ರೀಕ್ವೆನ್ಸಿ 50 ಹರ್ಟ್ಸ್‌ನಿಂದ ಕುಸಿದಾಗ ಮೊದಲು ಕತ್ತಲಾಗುತ್ತಿದ್ದದ್ದು ಬಿಲ್ ಕಟ್ಟಿದ ಟಿಬಿಲಿಸಿಯ ಬೀದಿ. ಮೀಟರು ಹಾಕಿಸಿಕೊಂಡು, ತಿಂಗಳು ತಪ್ಪದೆ ಬಿಲ್ ಕಟ್ಟಿದ ಮನೆಗೂ ಕತ್ತಲೆ, ಕೊಕ್ಕೆ ಹಾಕಿದ ಪಕ್ಕದ ಮನೆಗೂ ಕತ್ತಲೆ ಎಂದಾದರೆ, ಮುಂದಿನ ತಿಂಗಳು ಯಾರು ಕಟ್ಟುತ್ತಾರೆ? ಜನರ ಸ್ವಭಾವವೇ ಹೀಗೆ ಎಂದು ಬರೆದವರು ಈ ಭಾಗವನ್ನು ನೋಡಲಿಲ್ಲ. ಕಟ್ಟಿದ್ದಕ್ಕೆ ಕರೆಂಟು ಬಂದ ಕಡೆಯೆಲ್ಲ ಜನ ಕಟ್ಟಿದ್ದಾರೆ.

ಎಇಎಸ್ಸಿಗೆ ಇದು ಅರ್ಥವಾಯಿತು. ಆದರೆ ಅದು ಹಿಡಿದ ದಾರಿ ಇನ್ನೂ ಆಳಕ್ಕೆ ಎಳೆಯಿತು. ಕೊಳ್ಳಲು ಕರೆಂಟು ಸಿಗದಿದ್ದರೆ ತಾನೇ ಉತ್ಪಾದಿಸೋಣ ಎಂದು 2000ದಲ್ಲಿ ಗರ್ದಬಾನಿಯ 300 ಮೆಗಾವಾಟಿನ ಎರಡು ಘಟಕಗಳನ್ನು ಕೊಂಡು, ಖ್ರಾಮಿ ಜಲವಿದ್ಯುತ್ ಕೇಂದ್ರಗಳನ್ನು ನಿರ್ವಹಣೆಗೆ ತೆಗೆದುಕೊಂಡಿತು. ಉತ್ಪಾದಿಸಿದರೇನು, ಅದು ಹರಿಯಬೇಕಾದದ್ದು ಅದೇ ಪ್ರಸರಣ ಜಾಲದಲ್ಲಿ, ಅದೇ ಡಿಸ್‌ಪ್ಯಾಚಿನ ಕೈಕೆಳಗೆ. ಮೊದಲು ಒಂದು ತುದಿಯಲ್ಲಿ ಸಿಕ್ಕಿಕೊಂಡಿದ್ದ ಬಂಡವಾಳ ಈಗ ಎರಡು ತುದಿಯಲ್ಲಿ ಸಿಕ್ಕಿಕೊಂಡಿತು, ನಡುವಿನ ಭಾಗ ಸರ್ಕಾರದ್ದೇ ಆಗಿ ಉಳಿಯಿತು.

ದರದ ವಿಷಯ ಬೇರೆ. ಎಇಎಸ್ ಸಹಿ ಹಾಕಿದ ತಿಂಗಳಲ್ಲೇ, ರಷ್ಯಾದ ಆರ್ಥಿಕ ಕುಸಿತದ ಹೊಡೆತಕ್ಕೆ ಜಾರ್ಜಿಯಾದ ನಾಣ್ಯ ಲಾರಿ ಡಾಲರಿಗೆ 1.3ರ ಆಸುಪಾಸಿನಿಂದ 2ರ ಕಡೆಗೆ ಜಾರಿತು. ಸಾಲ ಡಾಲರಿನಲ್ಲಿ, ಗ್ಯಾಸ್ ಡಾಲರಿನಲ್ಲಿ, ಆದಾಯ ಲಾರಿಯಲ್ಲಿ. ದರ ನಿಗದಿ ಮಾಡುವ ನಿಯಂತ್ರಣ ಆಯೋಗ ದರ ಏರಿಸಿದರೂ ಕಟ್ಟುವವರು ಯಾರೆಂದು ನೋಡಿ: ಆಗ ವೃದ್ಧಾಪ್ಯ ವೇತನ ತಿಂಗಳಿಗೆ 14 ಲಾರಿ. 2 ಕಿಲೋವಾಟಿನ ಹೀಟರನ್ನು ದಿನಕ್ಕೆ ಐದು ಗಂಟೆ ಹಾಕಿದರೆ ತಿಂಗಳಿಗೆ 300 ಯೂನಿಟ್. ಯೂನಿಟ್ಟಿಗೆ 10 ತೆತ್ರಿ, ಅಂದರೆ ಲಾರಿಯ ಹತ್ತನೇ ಒಂದು ಭಾಗ ಎಂದೇ ಹಿಡಿದರೂ ಬಿಲ್ಲು 30 ಲಾರಿ. ಪಿಂಚಣಿಯ ಎರಡು ಪಟ್ಟಿಗಿಂತ ಹೆಚ್ಚು. ಇಂಥ ಪಿಂಚಣಿಯಲ್ಲಿ ಬದುಕುವ ಮುದುಕಿಯನ್ನು ಬಾಕಿದಾರಳು ಎಂದು ಕರೆದು ತಂತಿ ಕತ್ತರಿಸುವುದು ಕಾನೂನಿನಲ್ಲಿ ಸರಿಯಿರಬಹುದು, ಆದರೆ ಅಲ್ಲಿ ಮೀಟರಿಗಿಂತ ಮೊದಲು ಬೇಕಾದದ್ದು ಸಹಾಯಧನ. ಅಮೆರಿಕ ಸರ್ಕಾರದ ನೆರವಿನಿಂದ ಬಡ ಕುಟುಂಬಗಳಿಗೆ ಚಳಿಗಾಲದ ಬಿಲ್ಲಿನ ಒಂದು ಭಾಗ ಕೊಡುವ ವ್ಯವಸ್ಥೆ ಇತ್ತು. ಆದರೆ ಅದು ಹೊರಗಿನ ದಾನ, ದರದ ಲೆಕ್ಕದೊಳಗೆ ಸೇರಿದ್ದಲ್ಲ.

ಇನ್ನೊಂದು ಕಡೆ ನೀರು ಸರಬರಾಜಿನಂಥ ಸರ್ಕಾರಿ ಸಂಸ್ಥೆಗಳ ದೊಡ್ಡ ಬಾಕಿ. ಅವನ್ನು ಕತ್ತರಿಸಿದರೆ ಊರಿಗೆ ನೀರಿಲ್ಲ, ಕತ್ತರಿಸದಿದ್ದರೆ ಕಂಪನಿಗೆ ಹಣವಿಲ್ಲ. ಒಪ್ಪಂದದಲ್ಲೇ ಈ ಬಿಲ್ಲುಗಳು ಬಜೆಟ್ಟಿನಿಂದ ನೇರ ಬರುತ್ತವೆ ಎಂದು ಬರೆಸಿಕೊಳ್ಳದ ಕಂಪನಿಗೆ ಆಮೇಲೆ ದಾರಿಯಿಲ್ಲ. 2003ರ ಆಗಸ್ಟ್‌ನಲ್ಲಿ ಎಇಎಸ್ ತನ್ನ ಆಸ್ತಿಯನ್ನು ರಷ್ಯಾದ ಸರ್ಕಾರಿ ವಿದ್ಯುತ್ ದೈತ್ಯ ರಾವೋ ಯುಇಎಸ್‌ಗೆ ಒಪ್ಪಿಸಿತು. ಇಪ್ಪತ್ತು ಕೋಟಿ ಡಾಲರಿಗೂ ಹೆಚ್ಚು ಸುರಿದಿದ್ದ ಕಂಪನಿಗೆ, ಉತ್ಪಾದನಾ ಘಟಕಗಳೂ ಸೇರಿ ವಾಪಸು ಬಂದದ್ದು ಮೊದಲು ತೆಲಾಸಿಗೆ ಕೊಟ್ಟ ಬೆಲೆಯ ಆಸುಪಾಸಿನ ಮೊತ್ತ.

ಹೊಸ ಮಾಲೀಕರಿಗೆ ಹಾಕಿದ ಮೀಟರುಗಳು ಸಿದ್ಧವಾಗಿ ಸಿಕ್ಕವು. ಮುಖ್ಯವಾಗಿ ಕಾಕಸಸ್ ಪರ್ವತ ದಾಟಿ ಬರುವ 500 ಕೆವಿ ಕಾವ್ಕಸಿಯೋನಿ ಲೈನಿನ ಆಚೆ ತುದಿಯೂ ಅವರದೇ ಆಗಿತ್ತು. ಚಳಿಗಾಲದ ಕರೆಂಟು ಎಲ್ಲಿಂದ ಎಂಬ ಪ್ರಶ್ನೆಗೆ ಅವರ ಬಳಿ ಉತ್ತರವಿತ್ತು. ಆ ಉತ್ತರದ ಬೆಲೆ 2006ರ ಜನವರಿಯಲ್ಲಿ ಗೊತ್ತಾಯಿತು. ರಷ್ಯಾದ ಉತ್ತರ ಒಸೆಟಿಯಾದಲ್ಲಿ ಗ್ಯಾಸ್ ಕೊಳವೆಗಳೂ ಕರಾಚಾಯ್-ಚೆರ್ಕೆಸ್ಸಿಯಾದಲ್ಲಿ ವಿದ್ಯುತ್ ಲೈನೂ ಸ್ಫೋಟಕ್ಕೆ ತುತ್ತಾಗಿ ಜಾರ್ಜಿಯಾ ಕಡುಚಳಿಯಲ್ಲಿ ನಡುಗಿತು.

ಟಿಬಿಲಿಸಿಯ ಹೊರಗಿನ ಜಿಲ್ಲೆಗಳಲ್ಲಿ ಬೇರೊಂದು ಪ್ರಯೋಗ ನಡೆಯಿತು. ಅಲ್ಲಿನ ವಿತರಣಾ ಕಂಪನಿಯನ್ನು 2003ರಿಂದ ಅಮೆರಿಕದ ನೆರವಿನ ಹಣದಲ್ಲಿ ಪಿಎ ಕನ್ಸಲ್ಟಿಂಗ್ ನಿರ್ವಹಿಸಿತು. ಮನೆಮನೆಗೆ ಮೀಟರ್ ಹಾಕುವಷ್ಟು ಹಣವಿಲ್ಲದ ಕಡೆ ಒಂದು ಹಳ್ಳಿಗೋ ಬೀದಿಗೋ ಒಂದೇ ಸಮೂಹ ಮೀಟರ್ ಹಾಕಿದರು. ಇಡೀ ಗುಂಪು ಕಟ್ಟಿದರೆ ಕರೆಂಟು, ಇಲ್ಲದಿದ್ದರೆ ಎಲ್ಲರಿಗೂ ಇಲ್ಲ. ಹಣ ಬೇಗ ಬಂತು, ಕಟ್ಟಿದವರಿಗೂ ಶಿಕ್ಷೆಯಾಯಿತು. ನನ್ನ ಅಭಿಪ್ರಾಯದಲ್ಲಿ ಇದು ಎರಡು ಮೂರು ವರ್ಷದ ತಾತ್ಕಾಲಿಕ ಉಪಾಯವಾಗಿ ಒಪ್ಪಬಹುದು, ಆಮೇಲೂ ಮುಂದುವರಿಸಿದರೆ ಅನ್ಯಾಯ. 2007ರಲ್ಲಿ ಆ ಜಾಲವನ್ನು ಚೆಕ್ ದೇಶದ ಎನರ್ಗೋ ಪ್ರೋ ಕೊಂಡಿತು. ಈ ನಡುವೆ ಸರ್ಕಾರ ಬದಲಾಗಿತ್ತು, ಕಟ್ಟದವರನ್ನು ಕತ್ತರಿಸುವ ಅಧಿಕಾರ ಮೇಲಿನ ಹಂತದಲ್ಲೂ ನಡೆಯತೊಡಗಿತ್ತು. ಎನರ್ಗೋ ಪ್ರೋ ಉಳಿದುಕೊಂಡಿತು.

ಮಾಲ್ಡೋವಾದ ಕಥೆಗೆ ಬಂದರೆ, ಸ್ಪೇನಿನ ಯೂನಿಯನ್ ಫೆನೋಸಾ 2000ದಲ್ಲಿ ರಾಜಧಾನಿ ಕಿಶಿನಾವ್, ಮಧ್ಯ ಮತ್ತು ದಕ್ಷಿಣ ಭಾಗದ ಮೂರು ವಿತರಣಾ ಸಂಸ್ಥೆಗಳನ್ನು ಸುಮಾರು ಎರಡೂವರೆ ಕೋಟಿ ಡಾಲರಿಗೆ ಕೊಂಡಿತು. ಮಾಲ್ಡೋವಾದ ಕರೆಂಟಿನ ಬಹುಪಾಲು ಉಕ್ರೇನಿನಿಂದಲೋ ಮಾಲ್ಡೋವಾದಿಂದ ಬೇರ್ಪಟ್ಟ ಟ್ರಾನ್ಸ್‌ನಿಸ್ಟ್ರಿಯಾದ ಕುಚುರ್ಗಾನ್ ಕೇಂದ್ರದಿಂದಲೋ ಬರುತ್ತಿತ್ತು. ಎರಡೂ ಮಾಲ್ಡೋವಾ ಸರ್ಕಾರದ ಹಿಡಿತದ ಹೊರಗೆ. ದೌರ್ಬಲ್ಯದಂತೆ ಕಾಣುವ ಇದೇ ಅನುಕೂಲವಾಯಿತು: ಫೆನೋಸಾ ನಗದು ಕೊಟ್ಟರೆ ಕರೆಂಟು ಬರುತ್ತಿತ್ತು, ನಡುವೆ ಕದಿಯುವವರು ಕಡಿಮೆ. ವಿಶ್ವಬ್ಯಾಂಕ್ ಗುಂಪಿನ ರಾಜಕೀಯ ಅಪಾಯದ ವಿಮೆಯೂ ಇತ್ತು. 2001ರಲ್ಲಿ ಕಮ್ಯುನಿಸ್ಟರು ಅಧಿಕಾರಕ್ಕೆ ಬಂದು ಮಾರಾಟವನ್ನೇ ಪ್ರಶ್ನಿಸಿದರು, ದರದ ಜಗಳ ವರ್ಷಗಟ್ಟಲೆ ಎಳೆಯಿತು. ಆದರೂ ಕಂಪನಿ 2019ರವರೆಗೆ ನಿಂತಿತು.

ಉಕ್ರೇನ್ ಸರಪಳಿಯ ನಡುವಿನ ಕೊಂಡಿಯನ್ನು ಕಾನೂನಿನಿಂದ ಸರಿಮಾಡಿತು. 1990ರ ದಶಕದಲ್ಲಿ ಅಲ್ಲಿ ಕರೆಂಟಿಗೆ ಬದಲಾಗಿ ಸರಕು, ಬಾಕಿಗೆ ಬಾಕಿ ವಜಾ ಮಾಡುವ ವ್ಯವಹಾರವೇ ಹೆಚ್ಚು. 2000ದಲ್ಲಿ ಕಾನೂನು ತಿದ್ದಿ, ಗ್ರಾಹಕರ ಹಣ ನಗದಾಗಿ ಒಂದು ವಿಶೇಷ ಬ್ಯಾಂಕ್ ಖಾತೆಗೇ ಬರಬೇಕು, ಅಲ್ಲಿಂದ ಆಯೋಗ ಹೇಳಿದ ಪಾಲಿನಂತೆ ಉತ್ಪಾದಕರಿಗೂ ವಿತರಕರಿಗೂ ಹಂಚಿಕೆಯಾಗಬೇಕು ಎಂದರು. ಯಾರ ಕಿಸೆಯಲ್ಲೂ ಹಣ ತಂಗುವಂತಿಲ್ಲ. ಮರುವರ್ಷ ಎಇಎಸ್ ಅಲ್ಲಿನ ಕೀವ್ ಪ್ರಾಂತ್ಯ ಮತ್ತು ರಿವ್ನೆಯ ವಿತರಣೆಯನ್ನು ಕೊಂಡು 2013ರವರೆಗೆ ನಡೆಸಿತು. ಟಿಬಿಲಿಸಿಯಲ್ಲಿ ಸೋತದ್ದೂ ಇಲ್ಲಿ ಹನ್ನೆರಡು ವರ್ಷ ನಿಂತದ್ದೂ ಒಂದೇ ಕಂಪನಿ. ಹಾಗಾಗಿ ಕಂಪನಿಯ ಜಾಣತನದಲ್ಲಿ ಕಾರಣ ಹುಡುಕುವುದು ವ್ಯರ್ಥ.

ಅರ್ಮೇನಿಯಾ ಇನ್ನೂ ಮೊದಲೇ ಕ್ರಮ ಸರಿಮಾಡಿಕೊಂಡಿತ್ತು. ಭೂಕಂಪದ ನಂತರ 1989ರಲ್ಲಿ ಮುಚ್ಚಿದ್ದ ಮೆತ್ಸಮೋರ್ ಅಣುಸ್ಥಾವರದ ಒಂದು ಘಟಕವನ್ನು 1995ರಲ್ಲಿ ಮತ್ತೆ ಚಾಲೂ ಮಾಡಿ ಮೊದಲು ಕರೆಂಟು ಕೊಟ್ಟರು. ಆಮೇಲೆ ಮೀಟರುಗಳನ್ನು ಮನೆಯೊಳಗಿಂದ ಹೊರಕ್ಕೆ ತಂದರು. ಹಣವನ್ನು ವಸೂಲಿಗಾರನ ಕೈಗೆ ಕೊಡುವುದು ನಿಲ್ಲಿಸಿ ಅಂಚೆ ಕಚೇರಿಯಲ್ಲಿ ಕಟ್ಟಿಸಿಕೊಂಡರು. ಎಲ್ಲ ಸರಿಯಾದ ಮೇಲೆ 2002ರಲ್ಲಿ ಮಾರಿದರು. ಅಲ್ಲಿ ಕೆಟ್ಟದ್ದು ಮುಂದೆ: ಕಂಪನಿ ರಷ್ಯಾದ ಕೈಗೆ ಹೋಗಿ, 2015ರ ಜೂನ್‌ನಲ್ಲಿ ಯೂನಿಟ್ಟಿಗೆ ಸುಮಾರು 7 ದ್ರಾಮ್ ದರ ಏರಿಸಿದಾಗ ಯೆರೆವಾನಿನ ಬಘ್ರಮ್ಯಾನ್ ರಸ್ತೆಯಲ್ಲಿ ಯುವಜನ ದಿನಗಟ್ಟಲೆ ಕೂತರು. ಬಿಲ್ ಕಟ್ಟುತ್ತಿದ್ದ ಜನರ ಪ್ರತಿಭಟನೆ ಅದು. ಕಂಪನಿಯ ಕೆಟ್ಟ ನಿರ್ವಹಣೆಯ ನಷ್ಟವನ್ನು ತಮ್ಮ ದರಕ್ಕೆ ಸೇರಿಸಬಾರದು ಎಂಬುದು ಅವರ ವಾದ, ಮತ್ತು ಅದು ಸರಿಯಾದ ವಾದ. ಆ ವರ್ಷವೇ ಕಂಪನಿ ಕೈ ಬದಲಾಯಿತು.

ನಮ್ಮ ದೇಶದಲ್ಲೇ ಇದರ ಜೋಡಿ ಇದೆ. ಎಇಎಸ್ 1999ರಲ್ಲಿ ಒಡಿಶಾದ ಮಧ್ಯಭಾಗದ ವಿತರಣಾ ಕಂಪನಿ ಸೆಸ್ಕೋದ ಶೇ 51 ಪಾಲನ್ನು ಕೊಂಡು, ಆ ವರ್ಷದ ಮಹಾ ಚಂಡಮಾರುತದಲ್ಲಿ ಜಾಲ ನೆಲಕ್ಕುರುಳಿದ್ದನ್ನೂ ಕಂಡು, 2001ರಲ್ಲಿ ಕೈಬಿಟ್ಟು ಹೋಯಿತು. ಕರ್ನಾಟಕ ಅದೇ 1999ರಲ್ಲಿ ವಿದ್ಯುತ್ ಮಂಡಳಿಯನ್ನು ಕೆಪಿಟಿಸಿಎಲ್ ಮಾಡಿ, 2002ರ ಜೂನ್‌ನಲ್ಲಿ ವಿತರಣೆಯನ್ನು ಬೆಸ್ಕಾಂ ಮೊದಲಾದ ಕಂಪನಿಗಳಾಗಿ ಒಡೆಯಿತಾದರೂ ಮಾರಲಿಲ್ಲ. ಒಡಿಶಾದ ದಾಖಲೆ ಓದುವುದಾದರೆ ದರದ ಕೋಷ್ಟಕಕ್ಕಿಂತ ಮೊದಲು, ವಿತರಣಾ ಕಂಪನಿಗಳಿಗೂ ಸಗಟು ಖರೀದಿಯ ಗ್ರಿಡ್ಕೋಗೂ ನಡುವಿನ ಬಾಕಿಯ ಪುಟಗಳನ್ನು ನೋಡಿ. ಟಿಬಿಲಿಸಿಯ ಬಗ್ಗೆ ಓದುವಾಗಲೂ ಮೊದಲು ತೆರೆಯಬೇಕಾದದ್ದು ಸಗಟು ಮಾರುಕಟ್ಟೆಯ ಬಾಕಿಯ ಪಟ್ಟಿಯನ್ನೇ.